ರಾತ್ರಿ ಯಾರು ಎದ್ದಿರುತ್ತಾರೆ?

ಮಾವನಿಗೆ ಡಿಮೆನ್ಶಿಯಾ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ ಅಂತ ಗೊತ್ತಾದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಒಂದೇ. "ನಿಮ್ಮನ್ನೆಲ್ಲ ಗುರುತು ಹಿಡಿಯುತ್ತಾರಾ?" ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲೆ ಸಿಕ್ಕವರು ಕೇಳುತ್ತಾರೆ. ಮದುವೆ ಹಾಲಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಊರಿಂದ ಫೋನ್ ಮಾಡುವ ನೆಂಟರು ಕೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಹೌದು ಅಂದರೆ "ಸದ್ಯ, ಅಷ್ಟಾದರೂ ಇದೆಯಲ್ಲ" ಅನ್ನುತ್ತಾರೆ. ಇಲ್ಲ ಅಂದರೆ "ಅಯ್ಯೋ ಪಾಪ" ಅಂತಾರೆ. ಎರಡರಲ್ಲಿ ಯಾವುದಾದರೂ ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಈ ಕಾಯಿಲೆ ಇರುವ ಮನೆಯಲ್ಲಿ ಗುರುತು ಹಿಡಿಯುವುದು ದಿನದ ಒಂದು ಸಣ್ಣ ಭಾಗ ಅಷ್ಟೆ. ಮಾವ ಒಂದು ದಿನ ನನ್ನನ್ನು ತನ್ನ ತಂಗಿ ಅಂದುಕೊಳ್ಳುತ್ತಾರೆ, ಇನ್ನೊಂದು ದಿನ ಬ್ಯಾಂಕಿನಿಂದ ಬಂದವಳು ಅಂದುಕೊಂಡು ಕುರ್ಚಿ ಕೊಡುತ್ತಾರೆ. ಮನಸ್ಸಿಗೆ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಮನೆ ನಡೆಯುತ್ತದೆ. ಮನೆ ನಿಂತುಹೋಗಿದ್ದು ಅತ್ತೆ ವಾರಗಟ್ಟಲೆ ನಿದ್ದೆಯಿಲ್ಲದೆ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಾಗ. ರಾತ್ರಿ ಯಾರು ಎದ್ದಿರುತ್ತಾರೆ, ಸ್ನಾನ ಯಾರು ಮಾಡಿಸುತ್ತಾರೆ, ಅತ್ತೆಯ ಬಿಪಿ ಎಷ್ಟಿದೆ, ಅವರು ಕೊನೆಯ ಸಲ ದೇವಸ್ಥಾನಕ್ಕೆ ಹೋಗಿದ್ದು ಯಾವಾಗ, ಇದನ್ನು ಯಾರೂ ಕೇಳಿಲ್ಲ. ಕೇಳಬೇಕಾದದ್ದು ಇದೇ ಅಂತ ನನಗೆ ಬಲವಾಗಿ ಅನಿಸಿದೆ. ನೆಂಟರು ಮಾತ್ರ ಅಲ್ಲ, ಆಸ್ಪತ್ರೆಗಳು, ಸರ್ಕಾರಗಳು, ನಮ್ಮ ಮುಂಬೈಯ ಇಷ್ಟೊಂದು ಕನ್ನಡ ಸಂಘಗಳೂ ಕೇಳಬೇಕು.

ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು

ಮಾವ ಹನ್ನೆರಡನೇ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬೊಂಬಾಯಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ ಮಾಟುಂಗದ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರುವವರೆಗೆ ಬೆಳೆದರು. ಹತ್ತಾರು ವರ್ಷ ಅದೇ ಗಲ್ಲೆ. ಮುಂಬೈಯ ಕನ್ನಡಿಗರಿಗೆ ಈ ಕಥೆಯ ಉಳಿದ ಭಾಗ ಹೇಳಬೇಕಾಗಿಲ್ಲ.

ಮೊದಲ ಪರೀಕ್ಷೆ ನಡೆದದ್ದು ಒಂದು ಜುಲೈ ತಿಂಗಳಲ್ಲಿ, ಊರಿನ ಹೆಸರಾಂತ ಆಸ್ಪತ್ರೆಯೊಂದರಲ್ಲಿ. ವೈದ್ಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹಿಂದಿಯಲ್ಲಿ ಕೇಳಿದರು. ಮೊದಲು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು: ಸೇಬು, ಮೇಜು, ರೂಪಾಯಿ. ಆಮೇಲೆ ನೂರರಿಂದ ಏಳು ಕಳೆಯುತ್ತಾ ಹೋಗಿ ಅಂದರು. ಮಾವ ನೆಟ್ಟಗೆ ಕೂತರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಸಾಕು ಅಂದರು ವೈದ್ಯರು. ಮಾವ ನಿಲ್ಲಿಸಲಿಲ್ಲ. ಒಂದು ಸಲವೂ ತಡವರಿಸದೆ ಕೊನೆಯವರೆಗೆ ಹೋಗಿ, "ಬಾಕಿ ಎರಡು" ಅಂತ ಗಿರಾಕಿಗೆ ಚಿಲ್ಲರೆ ಕೊಡುವವರ ಹಾಗೆ ಕೈ ಚಾಚಿದರು. ವೈದ್ಯರಿಗೆ ಖುಷಿಯಾಯಿತು. ಇದು ಯಾವ ಆಸ್ಪತ್ರೆ ಅಂತ ಕೇಳಿದಾಗ ಮಾವ "ಬಹುತ್ ಅಚ್ಛಾ ಹಾಸ್ಪಿಟಲ್ ಹೈ ಸಾಬ್" ಅಂದರು. ಅಷ್ಟು ವರ್ಷ ಗಲ್ಲೆಯ ಹಿಂದೆ ಕೂತವರಿಗೆ ಗೊತ್ತಿಲ್ಲದ್ದನ್ನು ನಯವಾಗಿ ದಾಟಿಸುವುದು ಚೆನ್ನಾಗಿ ಬರುತ್ತದೆ. ಯಾವ ತಿಂಗಳು ಅಂತ ಕೇಳಿದರು. ಮಾವ "ಆಟಿ" ಅಂದರು. ತುಳುನಾಡಿನ ಲೆಕ್ಕದಲ್ಲಿ ಅದು ಸರಿ, ಆಟಿ ಶುರುವಾಗಿ ನಾಲ್ಕೈದು ದಿನ ಆಗಿತ್ತು. ವೈದ್ಯರು ಸೊನ್ನೆ ಹಾಕಿದರು. ನಾನು ಹೇಳಲು ಬಾಯಿ ತೆರೆದರೆ "ಮನೆಯವರು ದಯವಿಟ್ಟು ಸುಮ್ಮನಿರಿ" ಅಂದರು. ಕೊನೆಗೆ ಮೂರು ಪದ ಕೇಳಿದಾಗ ಮಾವನಿಗೆ ನೆನಪಿದ್ದದ್ದು ರೂಪಾಯಿ ಒಂದೇ.

ಒಟ್ಟು ಅಂಕ ಪರವಾಗಿಲ್ಲ ಅನ್ನುವ ಹಾಗೆ ಬಂತು. ವಯಸ್ಸಿನ ಮರೆವು, ವಿಟಮಿನ್ ಮಾತ್ರೆ ತಗೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಸರಿಯಾದ ಹೆಸರು ಸಿಗಲು ಆಮೇಲೆ ವರ್ಷದ ಮೇಲೆ ಹಿಡಿಯಿತು. ಬೇರೆ ಕಡೆ, ಮಂಗಳೂರಿನ ನರ್ಸ್ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಿಸಿದ ಮೇಲೆ. ಆ ಒಂದು ಪರೀಕ್ಷೆ ಎರಡೂ ಕಡೆಯಿಂದ ತಪ್ಪಿತ್ತು. ಹೋಗಿದ್ದನ್ನು ಇದೆ ಅಂದಿತು, ಇದ್ದದ್ದನ್ನು ಇಲ್ಲ ಅಂದಿತು. ಇದು ಆ ವೈದ್ಯರೊಬ್ಬರ ತಪ್ಪು ಅಂತ ನಾನು ಹೇಳುವುದಿಲ್ಲ. ಇಂಥ ಪ್ರಶ್ನೆಗಳು ಮೊದಲು ತಯಾರಾದದ್ದು ಶಾಲೆ ಓದಿದ, ಒಂದೇ ಭಾಷೆಯಲ್ಲಿ ಬದುಕುವ ಜನರಿಗಾಗಿ. ನಮ್ಮಲ್ಲಿ ಅದನ್ನು ತಿದ್ದುವ ಕೆಲಸ ಆಗಿಲ್ಲ ಅಂತಲೂ ಅಲ್ಲ. ಓದು ಬರಹ ಬಾರದ ಹಳ್ಳಿಯವರಿಗೂ ಹೊಂದುವ ಹಿಂದಿ ಪರೀಕ್ಷೆಯೊಂದು 1990ರ ದಶಕದಲ್ಲೇ ಹರಿಯಾಣದ ಬಲ್ಲಭಗಢದಲ್ಲಿ ತಯಾರಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈಚೆಗೆ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಆದರೆ ಮುಂಬೈಯ ಓಪಿಡಿಯಲ್ಲಿ, ಹೊರಗೆ ಐವತ್ತು ಜನ ಕಾಯುತ್ತಿರುವಾಗ, ಎದುರಿಗೆ ಕೂತವರ ಭಾಷೆ ಯಾವುದು ಅಂತ ನೋಡಿ ಪರೀಕ್ಷೆ ಆರಿಸುವ ವ್ಯವಸ್ಥೆ ಎಲ್ಲಿದೆ? ಅರವತ್ತಾದ ಮೇಲೆ ಅರಳು ಮರಳು ಸಹಜ ಅಂತ ಮನೆಯವರೂ ಅಂದುಕೊಳ್ಳುತ್ತಾರೆ, ಆಸ್ಪತ್ರೆಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಕಳಿಸುತ್ತದೆ.

ಬೇಗ ಗೊತ್ತಾಗಿ ಏನು ಪ್ರಯೋಜನ, ಹೇಗೂ ವಾಸಿಯಾಗುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಪ್ರಯೋಜನ ಇದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ಹೆಪ್ಪುಗಟ್ಟಿದ ರಕ್ತ, ಕೆಲವು ನಿದ್ದೆ ಮಾತ್ರೆಗಳು, ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣಬಹುದು. ಇವಕ್ಕೆ ಚಿಕಿತ್ಸೆ ಇದೆ. ಮೊದಲು ಇವನ್ನು ನೋಡಿ ತಳ್ಳಿಹಾಕಬೇಕು. ನಿಜವಾಗಿ ಡಿಮೆನ್ಶಿಯಾವೇ ಆಗಿದ್ದರೆ, ಮನುಷ್ಯ ಇನ್ನೂ ತನ್ನ ಮಾತು ತಾನೇ ಆಡುವಾಗ ಬ್ಯಾಂಕ್, ವಿಲ್, ಮನೆಯ ಕಾಗದ ಪತ್ರ ಸರಿ ಮಾಡಿಕೊಳ್ಳಬಹುದು. ನನಗೆ ಮುಂದೆ ಏನು ಬೇಕು ಅಂತ ಅವರ ಬಾಯಲ್ಲೇ ಕೇಳಬಹುದು. ಮಾವನನ್ನು ಆ ಮಾತು ಕೇಳುವ ಕಾಲ ನಮಗೆ ಸಿಗಲಿಲ್ಲ.

ರಾತ್ರಿ ಶಾಲೆ, ಹಗಲಿನ ಭಾಷೆಗಳು

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿಯಲ್ಲಿ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ಆದರೆ ಬದಲಾಯಿಸಲು ಸಾಧ್ಯವಿರುವ 14 ಕಾರಣಗಳ ಪಟ್ಟಿ ಇದೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು ಶೇಕಡಾ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದಕ್ಕೆ ತಳ್ಳಬಹುದು ಅನ್ನುತ್ತದೆ ಅದು. ಪಟ್ಟಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಸಿಗರೇಟು, ಕುಡಿತ ಇವೆ. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಇವೆ. ಕೆಟ್ಟ ಗಾಳಿ ಇದೆ, ಒಂಟಿತನ ಇದೆ. ಎಲ್ಲಕ್ಕಿಂತ ಮೊದಲು, ಜೀವನದ ಆರಂಭದ ಕಾರಣವಾಗಿ, ಚಿಕ್ಕಂದಿನಲ್ಲಿ ಓದು ಸಿಗದಿರುವುದು ಇದೆ. ಇದನ್ನು ಓದಿದಾಗ ನನಗೆ ಮುಂಬೈಯ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆಗಳು ನೆನಪಾದವು. ಹಗಲೆಲ್ಲ ಪ್ಲೇಟು ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು, ನಿದ್ದೆಗಣ್ಣಲ್ಲಿ ಮಗ್ಗಿ ಕಲಿತರು. ಮಾವ ಅಲ್ಲೇ ಎಸ್ಸೆಸ್ಸಿ ಪಾಸಾದವರು. ಆ ಶಾಲೆಗಳನ್ನು ಕಟ್ಟಿದವರು ಹುಡುಗರ ಕೆಲಸ, ಮರ್ಯಾದೆ ಇಷ್ಟನ್ನೇ ಯೋಚಿಸಿದ್ದರು. ಅವರು ಆ ಹುಡುಗರ ಮುಪ್ಪಿಗೂ ಏನೋ ಒಂದನ್ನು ಕೊಟ್ಟರು ಅಂತ ಈಗ ಅನಿಸುತ್ತದೆ. ಅದೇ ಹೋಟೆಲುಗಳ ಹುಡುಗರ ಅಕ್ಕತಂಗಿಯರಿಗೆ ಊರಲ್ಲಿ ಅಷ್ಟೂ ಸಿಗಲಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇಕಡಾ 7.4ರಷ್ಟು ಜನರಿಗೆ, ಅಂದರೆ 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ ದೇಶದ ಹಿರಿಯರ ಮೇಲೆ ನಡೆಸಿ 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅನ್ನುವ ಅಧ್ಯಯನ ಲೆಕ್ಕ ಹಾಕಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಲ್ಲಿ ಜಾಸ್ತಿ.

ಭಾಷೆಯ ಮಾತಿಗೆ ಬಂದರೆ ಹೈದರಾಬಾದಿನ ಒಂದು ಅಧ್ಯಯನ ಹೇಳಲೇಬೇಕು. ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಹಾಗೇ. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪುವುದಿಲ್ಲ, ಆದರೆ ಮುಂಬೈಯಲ್ಲಿ ಬದುಕಿದ ನಮ್ಮಂಥವರಿಗೆ ಇದು ಹತ್ತಿರದ ವಿಷಯ ಅಲ್ವಾ? ಮಾವ ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಾಲೀಕರ ಜೊತೆ ಕೊಂಕಣಿ, ತರಕಾರಿಯವರ ಜೊತೆ ಮರಾಠಿ, ಗಿರಾಕಿಗಳ ಜೊತೆ ಹಿಂದಿ, ಕಿಂಗ್ಸ್ ಸರ್ಕಲ್ಲಿನ ಸೇಠ್‌ಗಳ ಜೊತೆ ನಾಲ್ಕು ಮಾತು ಗುಜರಾತಿ ಆಡಿದವರು. ಇಷ್ಟು ಭಾಷೆ ಅವರನ್ನು ಕೆಲವು ವರ್ಷ ಕಾಪಾಡಿರಬಹುದು.

ಈಗ ಅವೇ ಭಾಷೆಗಳು ಒಂದೊಂದಾಗಿ ಹೋಗುತ್ತಿವೆ. ಕೊನೆಗೆ ಕಲಿತದ್ದು ಮೊದಲು ಹೋಯಿತು. ಮರಾಠಿ ಈಗಿಲ್ಲ, ಹಿಂದಿ ಆಗೊಮ್ಮೆ ಈಗೊಮ್ಮೆ. ಹಗಲು ನೋಡಿಕೊಳ್ಳಲು, ಮನೆಗೆ ಆರೈಕೆಯವರನ್ನು ಕಳಿಸುವ ಬ್ಯೂರೋದಿಂದ ಒಬ್ಬರನ್ನು ಇಟ್ಟಿದ್ದೆವು. ಜೌನ್‌ಪುರದ ಕಡೆಯ ಹುಡುಗ, ಕೈ ಮೆದು, ತಾಳ್ಮೆ ಇತ್ತು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. ಮಾವ "ಬಾಜೆಲ್ ಆಪುಂಡು, ಬಾಜೆಲ್ ಆಪುಂಡು" ಅಂತ ಒಂದೇ ಸಮನೆ ಹೇಳುತ್ತಿದ್ದರು. ಹುಡುಗ ಟಿವಿ ಹಾಕಿ ಕೊಟ್ಟಿದ್ದ, ಆಮೇಲೆ ಚಾನೆಲ್ ಬದಲಿಸಿದ್ದ, ಸದ್ದು ಜಾಸ್ತಿ ಮಾಡಿದ್ದ. ಪಾಪ, ಅವನಿಗೆ ತಿಳಿದ ಎಲ್ಲವನ್ನೂ ಮಾಡಿದ್ದ. ಮಾವ ಕೇಳುತ್ತಿದ್ದದ್ದು ನೀರು. ಲೋಟ ಕೈಗೆ ಕೊಟ್ಟರೆ ಗಟಗಟ ಎರಡು ಲೋಟ ಕುಡಿದರು. ಮುಪ್ಪಿನಲ್ಲಿ ಸರಿಯಾಗಿ ನೀರು ಕುಡಿಯದಿದ್ದರೆ ಗೊಂದಲ ಇನ್ನೂ ಹೆಚ್ಚಾಗುತ್ತದೆ, ಮೂತ್ರದ ಸೋಂಕು ಆಗುತ್ತದೆ, ಆಸ್ಪತ್ರೆ ಸೇರಬೇಕಾಗುತ್ತದೆ. ಆಗ ಎಲ್ಲರೂ ಕಾಯಿಲೆ ಜೋರಾಯಿತು ಅಂತಾರೆ. ಊರು ಬಿಟ್ಟು ಬಂದವರ ನಗರದಲ್ಲಿ ಈ ತೊಂದರೆ ನಮ್ಮ ಮನೆಯದ್ದು ಮಾತ್ರ ಆಗಿರಲು ಸಾಧ್ಯವಿಲ್ಲ. ಇಲ್ಲಿಯ ತಮಿಳರ, ಬಂಗಾಳಿಗಳ, ಸಿಂಧಿಗಳ ಮನೆಯಲ್ಲೂ ಯಾರೋ ತಾಯಿನುಡಿಯಲ್ಲಿ ನೀರು ಕೇಳುತ್ತಿರುತ್ತಾರೆ.

ಮೂರು ಗಂಟೆಯ ಹೋಟೆಲು

ನಮ್ಮದು ಒನ್ ಬಿಎಚ್‌ಕೆ. ಒಳಗಿನ ರೂಮಿನಲ್ಲಿ ಅತ್ತೆ ಮಾವ, ಹಾಲಿನಲ್ಲಿ ನಾವು. ಬೆಳಗಿನ ಜಾವ ಮೂರಕ್ಕೆ ಮಾವ ಏಳುತ್ತಾರೆ. ಹೋಟೆಲಿನ ಒಲೆ ಹಚ್ಚುವ ಹೊತ್ತು ಅದು. ಮೊದಲ ಲೋಕಲ್ ಹಿಡಿಯುವ ಕೂಲಿಯವರಿಗೆ ಚಹಾ, ಇಡ್ಲಿ ತಯಾರಿರಬೇಕು. ಮಾವ ಕತ್ತಲಲ್ಲೇ ಅಂಗಿ ಹಾಕಿಕೊಳ್ಳುತ್ತಾರೆ, ಗುಂಡಿ ಮೇಲೆ ಕೆಳಗೆ. ಬಾಗಿಲ ಹತ್ತಿರ ಹೋಗಿ ಚಿಲಕ ಅಲ್ಲಾಡಿಸುತ್ತಾರೆ. ಅತ್ತೆ ಶುರುವಿನಲ್ಲಿ ನಿಜ ಹೇಳುತ್ತಿದ್ದರು. ಹೋಟೆಲ್ ಬಿಟ್ಟು ಎಷ್ಟೋ ವರ್ಷ ಆಯಿತು, ಇದು ಡೊಂಬಿವಲಿ, ಮಲಗಿ ಅಂತ. ಅದಕ್ಕೆ ಮಾವನಿಗೆ ಭಯಂಕರ ಸಿಟ್ಟು. ಯಾವಳೋ ಹೆಂಗಸು ತನ್ನನ್ನು ಕೂಡಿ ಹಾಕಿದ್ದಾಳೆ ಅಂತ ಕೂಗಾಟ. ಒಂದು ಸಲ ಕೈ ಎತ್ತಿದರು. ಜೀವನವಿಡೀ ಏರುದನಿಯಲ್ಲಿ ಮಾತಾಡದ ಮನುಷ್ಯ.

ಹಾಗೆ ಎಷ್ಟೋ ತಿಂಗಳು ಕಳೆದ ಮೇಲೆ ಅತ್ತೆ ತಾವೇ ಒಂದು ದಾರಿ ಹುಡುಕಿಕೊಂಡರು. ಒಂದು ಸ್ಟೀಲ್ ಡಬ್ಬಿಯಲ್ಲಿ ಹಳೆಯ ನಾಣ್ಯ, ಹತ್ತರ ನೋಟು ತುಂಬಿಟ್ಟರು. ಮಾವ ಎದ್ದ ಕೂಡಲೇ ಲೈಟ್ ಹಾಕಿ, "ನಿನ್ನೆಯ ಲೆಕ್ಕ ಬಾಕಿ ಉಂಟು, ಮುಗಿಸಿ ಹೋಗಿ" ಅಂತ ತುಳುವಿನಲ್ಲಿ ಹೇಳಿ ಡಬ್ಬಿ ಎದುರಿಗಿಡುತ್ತಾರೆ. ಮಾವ ಕೂತು ಎಣಿಸುತ್ತಾರೆ. ಬೆರಳು ಇನ್ನೂ ಚುರುಕು. ನೋಟುಗಳ ಮುಖ ಒಂದೇ ಕಡೆ ತಿರುಗಿಸುತ್ತಾರೆ, ಮಡಿಕೆ ಬಿಡಿಸುತ್ತಾರೆ, ನಾಣ್ಯ ಹತ್ತು ಹತ್ತರ ಸಾಲು ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ದಣಿದು ಒರಗುತ್ತಾರೆ. ಅತ್ತೆ ಮಾತ್ರ ಆಮೇಲೆ ಮಲಗುವುದಿಲ್ಲ. ಐದಕ್ಕೆ ನೀರು ಬರುತ್ತದೆ.

ಒಂದು ದಿನ ಹಗಲು ಹೊತ್ತಿನಲ್ಲೇ ಮಾವ ಕಣ್ಣು ತಪ್ಪಿಸಿ ಹೊರಟರು. ಡೊಂಬಿವಲಿಯಿಂದ ಸ್ಲೋ ಲೋಕಲ್ ಹತ್ತಿ, ಫಾಸ್ಟ್ ನಿಲ್ಲದ ಮಾಟುಂಗದಲ್ಲಿ ಸರಿಯಾಗಿ ಇಳಿದು, ಹಳೆಯ ಹೋಟೆಲಿಗೆ ಹೋಗಿ ಗಲ್ಲೆಯ ಪಕ್ಕ ನಿಂತಿದ್ದರಂತೆ. ಹಳೆಯ ಸಪ್ಲಾಯರ್ ಒಬ್ಬರು ಗುರುತು ಹಿಡಿದು ಕೂರಿಸಿ, ಕಾಫಿ ಕೊಟ್ಟು, ನಮಗೆ ಫೋನ್ ಮಾಡಿದರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ದಿನಕ್ಕೆ ಲಕ್ಷಾಂತರ ಜನ ಓಡಾಡುವ ಲೈನಿನಲ್ಲಿ ವಯಸ್ಸಾದವರೊಬ್ಬರು ತಪ್ಪಿಸಿಕೊಂಡರೆ ಹುಡುಕುವುದು ಎಷ್ಟು ಕಷ್ಟ ಅಂತ ಯೋಚಿಸಿ. ಈಗ ಮಾವನ ಕೊರಳಲ್ಲಿ ಕ್ಯೂಆರ್ ಕೋಡ್ ಇರುವ ಪದಕ ಇದೆ. ಫೋನ್ ಹಿಡಿದು ಸ್ಕ್ಯಾನ್ ಮಾಡಿದರೆ ನಮ್ಮ ನಂಬರ್ ಬರುತ್ತದೆ. ಇಂಥವರು ಮನೆಯಲ್ಲಿದ್ದರೆ ಇದನ್ನು ಇವತ್ತೇ ಮಾಡಿಸಿ.

ಜಗತ್ತಿನ ಲೆಕ್ಕ ನೋಡಿದರೆ ಅತ್ತೆಯ ಕಥೆ ಎಲ್ಲ ಕಡೆಯ ಕಥೆಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 2021ರಲ್ಲಿ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು. ವರ್ಷಕ್ಕೆ ಸುಮಾರು ಒಂದು ಕೋಟಿ ಹೊಸಬರು ಸೇರುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಇರುವುದು ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳಲ್ಲಿ. 2019ರಲ್ಲಿ ಇದರ ಒಟ್ಟು ಖರ್ಚು 1.3 ಟ್ರಿಲಿಯನ್ ಡಾಲರ್ ಅಂತ ಅಂದಾಜು. ಅದರಲ್ಲಿ ಸುಮಾರು ಅರ್ಧ ಆಸ್ಪತ್ರೆಯದ್ದೂ ಅಲ್ಲ, ಔಷಧಿಯದ್ದೂ ಅಲ್ಲ. ಮನೆಯವರು, ನೆಂಟರು, ನೆರೆಯವರು ಸಂಬಳವಿಲ್ಲದೆ ಮಾಡುವ ಸೇವೆಯ ಬೆಲೆ. ಸರಾಸರಿ ದಿನಕ್ಕೆ ಐದು ಗಂಟೆ. ಆ ಗಂಟೆಗಳಲ್ಲಿ ಶೇಕಡಾ 70 ಹೆಂಗಸರದ್ದು. ಅತ್ತೆಯ ಮೂರು ಗಂಟೆಯ ಡಬ್ಬಿ ಆ ಟ್ರಿಲಿಯನ್ನಿನೊಳಗೆ ಸೇರಿದೆ. ಆದರೆ ಅವರಿಗೆ ಒಂದು ರಾತ್ರಿಯ ರಜೆ ಕೊಡುವ ವ್ಯವಸ್ಥೆ ಎಲ್ಲೂ ಇಲ್ಲ.

ಗೋವಾದಲ್ಲಿ ಮಾಡಿ ತೋರಿಸಿದ್ದು

ಇದಕ್ಕೆ ದಾರಿಯೇ ಇಲ್ಲವಾ ಅಂತ ಹುಡುಕುವಾಗ ಸಿಕ್ಕಿದ್ದು ಪಕ್ಕದ ಗೋವಾದ ಕೆಲಸ. ಸಂಗಾತ್ ಅನ್ನುವ ಸಂಸ್ಥೆಯ ಜೊತೆ ಡಾ. ಅಮಿತ್ ಡಯಾಸ್, ಡಾ. ವಿಕ್ರಮ್ ಪಟೇಲ್ ಮತ್ತಿತರರು ಮಾಡಿದ್ದು, 2008ರಲ್ಲಿ ಪ್ರಕಟವಾಯಿತು. ಡಿಮೆನ್ಶಿಯಾ ಇರುವ 81 ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ಆರು ತಿಂಗಳು, ಹದಿನೈದು ದಿನಕ್ಕೆ ಒಮ್ಮೆಯಾದರೂ, ಸಲಹೆಗಾರರು ಹೋದರು. ಇವರು ವೈದ್ಯರಲ್ಲ. ಊರಿನ ಭಾಷೆ ಬಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಬೇಕಾದಾಗ ಮನೋವೈದ್ಯರು ಬೆನ್ನಿಗೆ ಇದ್ದರು. ಕಾಯಿಲೆ ಏನು ಅಂತ ತಿಳಿಸುವುದು, ಸ್ನಾನ ಊಟದ ಸುಲಭ ಕ್ರಮ ಹೇಳಿಕೊಡುವುದು, ಸಿಟ್ಟು ಬಂದಾಗ ವಾದ ಮಾಡದೆ ಮನಸ್ಸು ಬೇರೆ ಕಡೆ ತಿರುಗಿಸುವುದು ಹೇಗೆ ಅಂತ ಕಲಿಸುವುದು, ಸರ್ಕಾರಿ ಸೌಲಭ್ಯ ಪಡೆಯಲು ದಾರಿ ತೋರಿಸುವುದು, ಇಂಥದೇ ಇನ್ನೊಂದು ಮನೆಯವರ ಪರಿಚಯ ಮಾಡಿಸುವುದು. ಇಷ್ಟೇ ಕೆಲಸ.

ಆರು ತಿಂಗಳಾದ ಮೇಲೆ ನೋಡಿದರೆ ರೋಗಿಯ ಕಾಯಿಲೆ ಕಮ್ಮಿಯಾಗಿರಲಿಲ್ಲ, ಆಗುವುದೂ ಇಲ್ಲ. ಆದರೆ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತ್ತು. ರೋಗಿಯ ಕೂಗಾಟ, ಅಲೆದಾಟದಿಂದ ಅವರಿಗೆ ಆಗುವ ಸಂಕಟ ಕಮ್ಮಿಯಾಗಿತ್ತು. ಇದನ್ನು ಓದಿದ ರಾತ್ರಿ ನಾನು ಅತ್ತೆಗೆ ಹೇಳಿದೆ, ನೀವು ಡಬ್ಬಿ ಇಟ್ಟು ಮಾಡುವುದನ್ನೇ ಅಲ್ಲಿ ಕಲಿಸುತ್ತಿದ್ದರಂತೆ ಅಂತ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಯಾರಾದರೂ ಮೊದಲೇ ಹೇಳಿದ್ದರೆ ಅವರು ನನ್ನ ಮೇಲೆ ಕೈ ಎತ್ತುವ ದಿನ ಬರುತ್ತಿರಲಿಲ್ಲ" ಅಂದರು. ನನ್ನ ಮಟ್ಟಿಗೆ ಈ ಕಾಯಿಲೆಯ ಬಗ್ಗೆ ಸರ್ಕಾರ ಏನು ಮಾಡಬೇಕು ಅನ್ನುವುದಕ್ಕೆ ಅದೇ ಉತ್ತರ. ಬಾಗಿಲು ತಟ್ಟಿ, ಒಳಗೆ ಬಂದು, ಮನೆಯವರ ಭಾಷೆಯಲ್ಲಿ ಮೊದಲೇ ಹೇಳುವ ಒಬ್ಬರು ಬೇಕು. ಅಷ್ಟು ವರ್ಷ ಹಿಂದೆ, ನಮ್ಮ ಮನೆಯಿಂದ ಒಂದು ರಾತ್ರಿಯ ರೈಲಿನ ದೂರದಲ್ಲಿ, ಇದು ಸಾಧ್ಯ ಅಂತ ತೋರಿಸಿಯಾಗಿದೆ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗುತ್ತಾರೆ, ಮಗುವಿನ ತೂಕ ನೋಡುತ್ತಾರೆ. ಹಾಗೇ ಮುದುಕರ ಮನೆಗೂ ಹೋಗುವ ಕೆಲಸವನ್ನು, ತಕ್ಕ ಸಂಬಳ ಕೊಟ್ಟು, ಯಾಕೆ ಶುರು ಮಾಡಬಾರದು?

ಕಾಗದದ ಮೇಲಿನ ಯೋಜನೆ

ಕಾಗದದ ಮೇಲೆ ಕೆಲಸ ಆಗಿದೆ. 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಡಿಮೆನ್ಶಿಯಾಕ್ಕೆ ಅಂತಲೇ ಒಂದು ಜಾಗತಿಕ ಯೋಜನೆ ಒಪ್ಪಿತು. 2025ರ ಹೊತ್ತಿಗೆ ಮುಕ್ಕಾಲು ಪಾಲು ದೇಶಗಳು ತಮ್ಮದೇ ರಾಷ್ಟ್ರೀಯ ನೀತಿ ಮಾಡಬೇಕು ಅಂತ ಗುರಿ. ಅದು ಆಗಲಿಲ್ಲ. 2025ರಲ್ಲಿ ಯೋಜನೆಯ ಅವಧಿಯನ್ನು 2031ರವರೆಗೆ ಮುಂದೆ ಹಾಕಿದರು. ಭಾರತಕ್ಕೆ ಪ್ರತ್ಯೇಕ ರಾಷ್ಟ್ರೀಯ ಡಿಮೆನ್ಶಿಯಾ ಯೋಜನೆ ಇನ್ನೂ ಬಂದಿಲ್ಲ. ಕೇರಳ ತನ್ನದೇ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕ 2022ರಲ್ಲಿ ನಿಮ್ಹಾನ್ಸ್ ಜೊತೆ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿತು. ಮಹಾರಾಷ್ಟ್ರದಲ್ಲಿರುವ ನಾವು ಇವನ್ನೆಲ್ಲ ದೂರದಿಂದ ನೋಡುತ್ತಿದ್ದೇವೆ.

ದುಡ್ಡಿನ ಮಾತು. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದ ರಕ್ಷಣೆ 2024ರ ಅಕ್ಟೋಬರಿನಿಂದ ಸಿಕ್ಕಿದೆ. ಒಳ್ಳೆಯದೇ, ಮಾವನ ಕಾರ್ಡ್ ಮಾಡಿಸಿದ್ದೇವೆ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಡಿಮೆನ್ಶಿಯಾದ ಖರ್ಚು ಆಸ್ಪತ್ರೆಯಲ್ಲಿ ಆಗುವುದಿಲ್ಲ, ಮನೆಯಲ್ಲಿ ಆಗುತ್ತದೆ. ಡೈಪರ್, ಬ್ಯೂರೋದ ಹುಡುಗನ ಸಂಬಳ, ಬಾತ್‌ರೂಮಿನ ಹಿಡಿಕೆ, ಕೆಲಸ ಬಿಟ್ಟ ಸೊಸೆಯ ಸಂಬಳ. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಅತ್ತೆಯನ್ನು ನೋಡಿಕೊಳ್ಳಲು ಬ್ಯಾಂಕಿನ ಕೆಲಸ ಬಿಟ್ಟರು. ಅವರ ಪಿಂಚಣಿ ಹೋಯಿತು. ಅವರಿಗೆ ವಯಸ್ಸಾದಾಗ ಏನು?

ಹೊಸ ಔಷಧಿ ಬಂದಿದೆಯಂತಲ್ಲ ಅಂತ ಓದಿದವರು ಕೇಳುತ್ತಾರೆ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಅಂತ ಎರಡು ಔಷಧಿಗಳಿಗೆ 2023 ಮತ್ತು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವು ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಅಲ್‌ಝೈಮರ್ ಕಾಯಿಲೆಯ ಆರಂಭದ ಹಂತದಲ್ಲಿ ಅದರ ವೇಗವನ್ನು ಸ್ವಲ್ಪ ಕಮ್ಮಿ ಮಾಡುತ್ತವೆ. ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುತ್ತಾರೆ, ಮತ್ತೆ ಮತ್ತೆ ಎಂಆರ್‌ಐ ಮಾಡಿ ಮೆದುಳಿನಲ್ಲಿ ಬಾವು, ರಕ್ತಸ್ರಾವ ನೋಡಬೇಕು. ವಿಜ್ಞಾನ ಮುಂದೆ ಹೋಗಲಿ, ನನಗೆ ನಿಜವಾಗಿ ಸಂತೋಷ. ಆದರೆ ಕಾಯಿಲೆ ಇದೆ ಅಂತಲೇ ಗೊತ್ತಾಗಲು ವರ್ಷ ಹಿಡಿಯುವ ಊರಿನಲ್ಲಿ ಆರಂಭದ ಹಂತದ ಔಷಧಿ ಯಾರ ಕೈಗೆ ಸಿಗುತ್ತದೆ? ಬಿಪಿ ಮಾತ್ರೆ ತಪ್ಪದೆ ತಗೊಳ್ಳುವುದು, ಕಿವಿಗೆ ಮೆಷಿನ್, ಕಣ್ಣಿನ ಪೊರೆ ತೆಗೆಸುವುದು, ಹುಡುಗಿಯರ ಶಾಲೆ, ನಾಲ್ಕು ಜನರ ಜೊತೆ ಸಂಜೆಯ ಮಾತು, ಇವಕ್ಕೆ ಯಾವ ಒಪ್ಪಿಗೆಯೂ ಬೇಕಾಗಿಲ್ಲ.

ಬುಧವಾರ ಮಧ್ಯಾಹ್ನ

ಮುಂಬೈಯಲ್ಲಿ ಕನ್ನಡಿಗರು ಕಟ್ಟಿದ ಸಂಘಗಳಿಗೆ ಲೆಕ್ಕವಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಮಾಹಿಮ್, ಕುರ್ಲಾ, ಸಾಂತಾಕ್ರೂಜ್, ಅಂಧೇರಿ, ಎಲ್ಲಿ ನೋಡಿದರೂ ಹಾಲ್ ಇದೆ, ಸದಸ್ಯರಿದ್ದಾರೆ, ಯಕ್ಷಗಾನ ಇದೆ, ಮಕ್ಕಳಿಗೆ ಸ್ಕಾಲರ್‌ಶಿಪ್ ಇದೆ. ಹುಡುಗರಾಗಿ ಬಂದವರಿಗೆ ರಾತ್ರಿ ಶಾಲೆ ಕೊಟ್ಟ ಸಮಾಜ ಇದು. ಆ ಹುಡುಗರೇ ಈಗ ಎಂಬತ್ತರ ಹತ್ತಿರ ಇದ್ದಾರೆ. ಹಾಗಾಗಿ ನಮ್ಮ ಕಡೆಯ ಒಂದು ಸಂಘದ ಸಭೆಯಲ್ಲಿ ನಾನು ಎದ್ದು ಕೇಳಿದೆ. ಹಿರಿಯರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇರಲಿ, ಅದರ ಜೊತೆ ವಾರಕ್ಕೆ ಒಂದು ಮಧ್ಯಾಹ್ನ ಹಾಲ್ ಬಿಟ್ಟುಕೊಡಿ ಅಂತ. ಮರೆವಿನ ಕಾಯಿಲೆ ಇರುವವರು ಮೂರು ಗಂಟೆ ಅಲ್ಲಿ ಕೂರಲಿ. ಅವರ ಜೊತೆ ತುಳು, ಕನ್ನಡ ಮಾತಾಡುವವರು ಇರಲಿ. ಆ ಮೂರು ಗಂಟೆ ಮನೆಯವರು ಮಲಗಲಿ, ಇಲ್ಲ ಬ್ಯಾಂಕಿಗೆ ಹೋಗಲಿ, ಏನು ಬೇಕಾದರೂ ಮಾಡಲಿ.

ಒಬ್ಬರು ಎದ್ದು, ಮನೆಯ ಮಾತನ್ನು ಹಾಲಿಗೆ ತರುವುದು ಸರಿಯಾ ಅಂದರು. ಅವರಿಗೆ ಉತ್ತರ ಕೊಟ್ಟದ್ದು ನಾನಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬರು ಕೈ ಎತ್ತಿ, ತನ್ನ ಹೆಂಡತಿಗೂ ಇದೇ ಕಾಯಿಲೆ, ಮನೆಯಲ್ಲಿ ಇಬ್ಬರೇ, ನಾಲ್ಕು ವರ್ಷದಿಂದ ಯಾರಿಗೂ ಹೇಳಿಲ್ಲ ಅಂದರು. ಆಮೇಲೆ ಇನ್ನೊಬ್ಬರು ಮಾತಾಡಿದರು. ಅಧ್ಯಕ್ಷರು ಉಳಿದ ವಿಷಯಗಳನ್ನು ಮುಂದಿನ ಸಭೆಗೆ ಹಾಕಿದರು.

ಬುಧವಾರ ಮಧ್ಯಾಹ್ನ ಎರಡರಿಂದ ಐದು ಹಾಲ್ ಸಿಕ್ಕಿದೆ. ಮಂಗಳೂರಿನ ಆ ನರ್ಸ್ ರಜೆಯ ದಿನ ಬಂದು ತರಬೇತಿ ಕೊಡಲು ಒಪ್ಪಿದ್ದಾರೆ. ಬಾತ್‌ರೂಮಿಗೆ ಹಿಡಿಕೆ, ಜಾರದ ನೆಲ, ಒಳಗಿನಿಂದ ಲಾಕ್ ಆಗದ ಬಾಗಿಲು ಹಾಕಿಸಬೇಕು, ಕಾರ್ಯದರ್ಶಿ ಅಂದಾಜು ತರಿಸುತ್ತಿದ್ದಾರೆ. ಅತ್ತೆ ಎಣಿಸುವ ಡಬ್ಬಿಗಳನ್ನು ಇನ್ನೂ ಕೆಲವು ಮಾಡಿಕೊಡುತ್ತೇನೆ ಅಂದಿದ್ದಾರೆ, ಹಳೆಯ ನಾಣ್ಯ ಇದ್ದವರು ಕೊಡಿ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣದ ಕಡೆ ಇಂಥವರು ಮನೆಯಲ್ಲಿದ್ದರೆ ಕರೆದುಕೊಂಡು ಬನ್ನಿ. ಯಾರೂ ಇಲ್ಲದಿದ್ದರೂ ಬನ್ನಿ, ಜೊತೆಗೆ ಕೂರುವ ಜನ ಇನ್ನೂ ಬೇಕು. ಒಂದು ಬುಧವಾರ ಬಿಟ್ಟು ಒಂದು ಬುಧವಾರ ಬಂದರೂ ಸಾಕು. ಮತ್ತೆ, ಬರುವಾಗ ಸಣ್ಣ ಚೀಟಿಯಲ್ಲಿ ಬರೆದು ತನ್ನಿ: ನಿಮ್ಮವರು ನೀರು ಕೇಳುವುದು ಯಾವ ಭಾಷೆಯಲ್ಲಿ, ಅವರನ್ನು ಏನಂತ ಕರೆದರೆ ತಿರುಗಿ ನೋಡುತ್ತಾರೆ, ಚಹಾಕ್ಕೆ ಸಕ್ಕರೆ ಹಾಕಬಹುದಾ ಬೇಡವಾ, ಮತ್ತು ರಾತ್ರಿ ಅವರ ಜೊತೆ ಎದ್ದಿರುವವರ ಫೋನ್ ನಂಬರ್.